ಕೊನೆಯ ರೇಸು ನೋಡದೆ ಬಂದದ್ದು

ಅಪ್ಪ ದೋಹಾಕ್ಕೆ ಬಂದ ಮೊದಲ ವಾರವೇ ನನ್ನ ನಿದ್ದೆ ಕೆಟ್ಟಿತು. ಹಾಗಂತ ಅವರಿಂದ ಏನೂ ತೊಂದರೆ ಇರಲಿಲ್ಲ. ನಮಗಿಂತ ಮೊದಲು ಎದ್ದು, ಕಾಫಿ ತಾವೇ ಮಾಡಿಕೊಂಡು, ಲೋಟ ತೊಳೆದು ಬೋರಲು ಹಾಕಿ, ಅಲ್ ಹಿಲಾಲಿನ ನಮ್ಮ ಫ್ಲಾಟಿನ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆಯ ನಡುವೆ ಇರುವ ಮನುಷ್ಯ, ಚಳಿಗಾಲದಲ್ಲಿ ಇಲ್ಲಿ ಬಂದು ಒಂದಿಷ್ಟು ಆರಾಮಾಗಿರಲಿ ಎಂದು ನಾನೇ ಹಠ ಹಿಡಿದು ಕರೆಸಿಕೊಂಡಿದ್ದೆ. ಕರೆಸಿಕೊಂಡ ಮೇಲೆ ನನಗೇ ಆರಾಮ ಇಲ್ಲವಾಯಿತು.

ನಾನು ಸುಮ್ಮನೆ ಕೂರುವ ಪೈಕಿಯಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕಾರಿನಿಂದ ಇಳಿದು ಮತ್ತೆ ಮೇಲೆ ಹೋಗಿ ನೋಡುವವಳು. ನನ್ನ ಗಂಡ ಉಡುಪಿ ಕಡೆಯವನು. ಅವನ ಮನೆಯಲ್ಲಿ ತುಳು, ನನ್ನ ಜೊತೆಗೆ ಮಾತ್ರ ಕನ್ನಡ. "ನಿನ್ನ ಮಂಡೆಯೊಳಗೆ ಒಂದು ಫ್ಯಾನ್ ಉಂಟು ಮಾರಾಯ್ತಿ, ಅದಕ್ಕೆ ಸ್ವಿಚ್ಚೇ ಇಲ್ಲ" ಎಂದು ಅವನು ರೇಗಿಸುವುದುಂಟು. ಆ ಫ್ಯಾನು ಜೋರಾಗಿ ತಿರುಗಲು ಶುರುವಾದದ್ದು ಸೂಕ್ ವಾಕಿಫ್‌ನಲ್ಲಿ.

ಆ ಹಳೆಯ ಪೇಟೆಗೆ ಖರ್ಜೂರ ಕೊಳ್ಳಲು ಹೋಗಿದ್ದೆವು. ನಾನು ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ತಿರುಗಿದರೆ ಅಪ್ಪ ಇಲ್ಲ. ಹುಡುಕಿಕೊಂಡು ಹೋದರೆ ಗಲ್ಲಿಯ ಕೊನೆಯಲ್ಲಿ ಹಳೆಯ ಕಾಲದ ಸಮವಸ್ತ್ರ ತೊಟ್ಟ ಪೊಲೀಸಿನವನೊಬ್ಬ ಬಿಳಿ ಕುದುರೆಯ ಮೇಲೆ ಕೂತಿದ್ದ. ಜನ ಸುತ್ತ ನಿಂತು ಫೋಟೊ ತೆಗೆಯುತ್ತಿದ್ದರು. ಅಪ್ಪ ಫೋಟೊ ತೆಗೆಯುತ್ತಿರಲಿಲ್ಲ. ಅವರ ಕಣ್ಣು ಕುದುರೆಯ ಗೊರಸಿನಿಂದ ಮೊಣಕಾಲಿಗೆ, ಅಲ್ಲಿಂದ ಭುಜಕ್ಕೆ, ಬೆನ್ನಿಗೆ, ತೊಡೆಗೆ ನಿಧಾನವಾಗಿ ಹೋಗುತ್ತಿತ್ತು. ಅಮ್ಮ ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ನೋಡುತ್ತಿದ್ದದ್ದು ಹೀಗೆಯೇ.

"ಏನಪ್ಪ ನೋಡ್ತಿದ್ದೀರಿ?" ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು.

"ಏನಿಲ್ಲಮ್ಮ. ಒಳ್ಳೆ ಪ್ರಾಣಿ" ಎಂದು ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದುಬಿಟ್ಟರು.

ಇಷ್ಟಕ್ಕೇ ನಿದ್ದೆ ಕೆಡುವುದೆಂದರೆ ಅದರ ಹಿಂದಿನದನ್ನು ಹೇಳಬೇಕು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕುಡಿತವಿಲ್ಲ, ಬೀಡಿಯಿಲ್ಲ, ಯಾರ ಮೇಲೂ ದನಿ ಎತ್ತಿದವರಲ್ಲ. ಆದರೆ ಚಾಮುಂಡಿ ಬೆಟ್ಟದ ಕೆಳಗಿನ ರೇಸ್‌ಕೋರ್ಸ್ ಅವರನ್ನು ಒಳಗೆ ಎಳೆದುಕೊಂಡಿತ್ತು. ಶನಿವಾರ ಮಧ್ಯಾಹ್ನ ಊಟದ ತಟ್ಟೆ ಮುಂದೆ ಕೂತವರು ಅನ್ನ ಕಲಸುತ್ತಲೇ ಗಡಿಯಾರ ನೋಡುತ್ತಿದ್ದರು. ಸಂಬಳ ಬಂದ ವಾರ ಅಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಇದೊಂದೇ ಕಣೇ. ಇದೊಂದು ರೇಸ್ ನೋಡ್ಕೊಂಡು ಬಂದುಬಿಡ್ತೀನಿ" ಎಂದು ಅಪ್ಪ ಬೇಡುತ್ತಿದ್ದರು. ಆ 'ಇದೊಂದೇ' ಎಂಬ ಮಾತನ್ನು ನಾನು ಎಷ್ಟು ಕೇಳಿದ್ದೆನೆಂದರೆ, ಶಾಲೆಯಲ್ಲಿ ಯಾರಾದರೂ ಗೆಳತಿ ಇದೊಂದೇ ಪೆಪ್ಪರ್‌ಮೆಂಟು ಕೊಡೇ ಎಂದರೂ ಸಿಟ್ಟು ಬರುತ್ತಿತ್ತು. ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಇವರ ಮನೆಯ ಯಜಮಾನರು ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರು ಎಂದು.

ಒಂದು ಶನಿವಾರ ಅಮ್ಮ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ರೇಸಿನಿಂದ ಅರ್ಧಕ್ಕೇ ಮನೆಗೆ ಬಂದಿದ್ದ ಅಪ್ಪ, ಇನ್ನಷ್ಟು ದುಡ್ಡಿಗಾಗಿ ಬೀರು ತಡಕುತ್ತಿದ್ದರು. ಅಮ್ಮ ನನ್ನನ್ನು ಎಳೆದು ತಂದು ಅವರ ಮುಂದೆ ನಿಲ್ಲಿಸಿದಳು. ಅವರ ಬಲಗೈ ಹಿಡಿದು ನನ್ನ ತಲೆಯ ಮೇಲೆ ಇಟ್ಟಳು. "ಇವಳ ಆಣೆ ಮಾಡಿ. ಇನ್ನು ರೇಸಿಗೆ ದುಡ್ಡು ಕಟ್ಟಲ್ಲ ಅಂತ ಹೇಳಿ" ಎಂದಳು. ಆಗಷ್ಟೇ ಎಣ್ಣೆ ಹಚ್ಚಿ ಜಡೆ ಹಾಕಿದ್ದ ತಲೆ. ಅಪ್ಪನ ಅಂಗೈಯ ಭಾರ ನನ್ನ ನೆತ್ತಿಗೆ ಗೊತ್ತಾಗುತ್ತಿತ್ತು. ಗಡಿಯಾರದ ಕಡೆ ನೋಡುತ್ತ, "ಕಟ್ಟಲ್ಲ" ಎಂದರು.

ಆಮೇಲೆ ಕಟ್ಟಲಿಲ್ಲ. ಅಷ್ಟು ಖಂಡಿತ. ಆದರೆ ನನ್ನ ತಲೆ ಅಂದಿನಿಂದ ನನ್ನದಾಗಿ ಉಳಿಯಲಿಲ್ಲ. ನನಗೆ ಜ್ವರ ಬಂದಾಗಲೆಲ್ಲ ಅಮ್ಮ ಥರ್ಮಾಮೀಟರಿಗಿಂತ ಮೊದಲು ಅಪ್ಪನ ಮುಖ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೂ, ಸೈಕಲ್ಲಿನಿಂದ ಬಿದ್ದರೂ ಅದೇ ನೋಟ. ಅಪ್ಪ ಪಾಪ, "ಇಲ್ಲ ಕಣೇ, ಹೋಗಿಲ್ಲ" ಎನ್ನುತ್ತಿದ್ದರು. ಇನ್ನೂ ಒಂದು ವಿಚಿತ್ರ ಆಗ ಶುರುವಾಯಿತು. ಅಪ್ಪ ಪೇಪರಿನ ಆಟದ ಪುಟ ಓದುವುದನ್ನು ಬಿಟ್ಟುಬಿಟ್ಟರು. ಕ್ರಿಕೆಟ್ ಎಂದರೆ ಪ್ರಾಣ ಬಿಡುವ ಮನುಷ್ಯ, ಸ್ಕೋರು ಕೇಳಲು ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಹೋಗುತ್ತಿದ್ದರು. ಪೇಪರ್ ಬಂದ ಕೂಡಲೇ ಆ ಪುಟವನ್ನು ತೆಗೆದು ಮಡಚಿ ಅಡುಗೆಮನೆಯ ಗೂಡಿಗೆ ಹಾಸಲು ಕೊಟ್ಟುಬಿಡುತ್ತಿದ್ದರು. ನಾವು ನಗುತ್ತಿದ್ದೆವು.

ಅಮ್ಮ ಹೋಗಿ ಕೆಲವು ವರ್ಷಗಳಾದವು. ಆಣೆ ಹಾಕಿಸಿದವಳು ಇಲ್ಲ, ಆಣೆಯ ತಲೆ ಕತಾರಿನಲ್ಲಿದೆ. ಹಾಗಾಗಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು ಎಂದು ನಾನೇ ಅಂದುಕೊಂಡಿದ್ದೆ.

ಇದಾವುದೂ ನನ್ನ ಗಂಡನಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪನಿಗೆ ಒಂದು ಕಾಲದಲ್ಲಿ ರೇಸಿನ ಹುಚ್ಚಿತ್ತು ಎಂದಷ್ಟೇ ಹೇಳಿದ್ದೆ. ಅವನು ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಿಂದ ಎಸಿ ಬಿಡಿಭಾಗ ಮಾರುವ ಕಂಪನಿಯಲ್ಲಿದ್ದಾನೆ. ಇಲ್ಲಿ ಕುದುರೆ ಲಾಯಗಳಿಗೂ ಎಸಿ ಇರುತ್ತದೆ. ಯಾವುದೋ ಲಾಯಕ್ಕೆ ಹೋಗಿ ಬಂದವನು ಊಟಕ್ಕೆ ಕೂತಾಗ ಬಾಯಿಬಿಟ್ಟ.

"ಮಾವ, ಶನಿವಾರ ದೊಡ್ಡ ರೇಸ್ ಉಂಟಂತೆ, ರಯ್ಯಾನ್ ಕಡೆ. ಗೆದ್ದವರಿಗೆ ಖಡ್ಗ ಕೊಡ್ತಾರೆ. ಎಂಟ್ರಿ ಫ್ರೀ. ಹೋಗುವನಾ?"

ನಾನು ಸೌಟು ಹಿಡಿದುಕೊಂಡೇ ಕೂಗಿದೆ. "ಎಲ್ಲಿಗೂ ಹೋಗೋದು ಬೇಡ."

"ಎಂತಕ್ಕೆ ಬೇಡ? ಇಲ್ಲಿಯವರು ಹೇಳುವ ಹಾಗೆ ಬೆಟ್ಟಿಂಗ್ 'ಮಾಫಿ', ಇಲ್ಲವೇ ಇಲ್ಲ. ಇಡೀ ದೇಶದಲ್ಲೇ ಇಲ್ಲ. ದುಡ್ಡು ಕಟ್ಟುವ ಕೌಂಟರೇ ಇಲ್ಲ ಅಂದ ಮೇಲೆ ಎಂತ ಮಂಡೆಬಿಸಿ ನಿನಗೆ? ಲಾಲ್‌ಬಾಗಿಗೆ ಹೋದ ಹಾಗೆ, ಹೂವಿನ ಬದಲು ಕುದುರೆ."

ಅಪ್ಪ ಅನ್ನದಲ್ಲಿ ಬೆರಳು ಆಡಿಸುತ್ತಿದ್ದರು. ಆಮೇಲೆ ತಲೆಯೆತ್ತದೆ, "ದುಡ್ಡು ಕಟ್ಟೋ ಜಾಗವೇ ಇಲ್ಲವಂತಲ್ಲಮ್ಮ. ಕುದುರೆ ನೋಡ್ಕೊಂಡು ಬರೋಣ. ನೋಡಿ ಎಷ್ಟು ವರ್ಷ ಆಯ್ತು" ಎಂದರು. ಆ ದನಿಯಲ್ಲಿ ಬೇಡಿಕೆ ಇರಲಿಲ್ಲ. ಇದ್ದಿದ್ದರೆ ಸುಲಭವಾಗಿ ಬೇಡ ಎನ್ನುತ್ತಿದ್ದೆ.

ಶನಿವಾರದವರೆಗೆ ನಾನು ಕಚೇರಿಯಲ್ಲಿ ಮಾಡಿದ ಕೆಲಸ ಅಷ್ಟಕ್ಕಷ್ಟೇ. ಮೇಲ್ ತೆರೆಯುವುದು, ಮುಚ್ಚುವುದು. ದುಡ್ಡು ಕಟ್ಟಲ್ಲ ಎಂದು ತಾನೇ ಆಣೆ? ನೋಡಲ್ಲ ಎಂದಲ್ಲವಲ್ಲ? ಕಟ್ಟಲು ಸಾಧ್ಯವೇ ಇಲ್ಲದ ಕಡೆ ಆಣೆ ಮುರಿಯುವುದು ಹೇಗೆ? ವಕೀಲರಂತೆ ವಾದ ಮಾಡಿ ಗೆದ್ದೆ, ಗೆದ್ದ ಮೇಲೂ ಅದೇ ವಾದವನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಹೋಗುವುದು, ಆದರೆ ಅಪ್ಪನ ಮೇಲಿಂದ ಕಣ್ಣು ತೆಗೆಯುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಹೋದೆವು. ಮೈಸೂರಿನ ರೇಸ್‌ಕೋರ್ಸಿನ ಗೇಟಿನ ಹೊರಗೆ ಅಪ್ಪನನ್ನು ಕರೆತರಲು ಅಮ್ಮನ ಜೊತೆ ನಿಂತಿದ್ದ ನೆನಪು ನನಗಿತ್ತು. ಬೆವರು, ಸಿಗರೇಟು ಹೊಗೆ, ನೆಲದ ತುಂಬ ಹರಿದ ಟಿಕೆಟುಗಳು, ಮುಖ ಸಿಂಡರಿಸಿಕೊಂಡು ಓಡಾಡುವ ಗಂಡಸರು. ಇಲ್ಲಿ ಗೇಟಿನಲ್ಲೇ ಗುಲಾಬಿ ನೀರಿನ ವಾಸನೆ. ಹೊಳೆಯುವ ಬಿಳಿ ನಿಲುವಂಗಿಯ ಸ್ಥಳೀಯರು ಒಬ್ಬರನ್ನೊಬ್ಬರು ಮೂಗಿಗೆ ಮೂಗು ತಾಗಿಸಿ ಮಾತಾಡಿಸುತ್ತಿದ್ದರು. ಹೆಂಗಸರಿಗೂ ಸಂಸಾರಸ್ಥರಿಗೂ ಬೇರೆಯೇ ಜಾಗ, ಮಕ್ಕಳ ಮುಖಕ್ಕೆ ಬಣ್ಣ ಬಳಿಯುವವರು, ಹುಲ್ಲಿನ ಮೇಲೆ ಚಾಪೆ ಹಾಸಿ ಕೂತ ಕೇರಳದ ಕುಟುಂಬಗಳು. ಮರಳಿನ ನಡುವೆ ಓಟದ ದಾರಿಯ ಹುಲ್ಲು ಎಷ್ಟು ಹಸಿರಾಗಿತ್ತೆಂದರೆ ಅಪ್ಪ ಬಗ್ಗಿ ಮುಟ್ಟಿ ನೋಡಿದರು.

ಕೂತ ಕೂಡಲೇ ಒಬ್ಬ ಉದ್ದ ಮೂತಿಯ ಹಿತ್ತಾಳೆ ಹೂಜಿ ಹಿಡಿದು ಬಂದು ಪುಟ್ಟ ಬಟ್ಟಲುಗಳಿಗೆ ಏಲಕ್ಕಿಯ ಕಾಫಿ ಬಗ್ಗಿಸಿದ. ಅಪ್ಪ ಕುಡಿದು ಬಟ್ಟಲು ಕೊಡಲು ಹೋದರೆ ಮತ್ತೆ ತುಂಬಿದ. ಕುಡಿದರು. ಮತ್ತೆ ತುಂಬಿದ. ಮೈಸೂರಿನ ಕಾಫಿಯ ನಾಲಿಗೆಗೆ ಅದು ಕಷಾಯ. ಆದರೂ ಬೇಡ ಎಂದರೆ ಎಲ್ಲಿ ಬೇಜಾರಾಗುತ್ತಾನೋ ಎಂದು ಅಪ್ಪ ಕುಡಿಯುತ್ತಲೇ ಇದ್ದರು.

"ಮಾವ, ಸಾಕು ಅಂದ್ರೆ ಬಟ್ಟಲು ಹೀಗೆ ಅಲ್ಲಾಡಿಸ್ಬೇಕು. ಇಲ್ಲದಿದ್ರೆ ಅವನು ನಿಲ್ಲಿಸುವುದಿಲ್ಲ" ಎಂದು ನನ್ನ ಗಂಡ ನಗುತ್ತ ತೋರಿಸಿದ. ಅಪ್ಪ ಬಟ್ಟಲನ್ನು ಎರಡು ಬಾರಿ ಅಲ್ಲಾಡಿಸಿದರು. ಅವನು ತಲೆಬಾಗಿ ಮುಂದೆ ಹೋದ. "ಒಳ್ಳೆ ಪದ್ಧತಿ" ಎಂದು ಅಪ್ಪ ಮೆಚ್ಚಿಕೊಂಡರು.

ಓಟಕ್ಕೆ ಮುಂಚೆ ಕುದುರೆಗಳನ್ನು ಬೇಲಿಯೊಳಗಿನ ಒಂದು ವೃತ್ತದಲ್ಲಿ ನಡೆಸಿ ತೋರಿಸುತ್ತಾರೆ. ಲಾಯದ ಹುಡುಗರು ಹಗ್ಗ ಹಿಡಿದು ಸುತ್ತು ಹಾಕಿಸುತ್ತಾರೆ, ಮಾಲೀಕರು ನಡುವೆ ನಿಂತು ಜಾಕಿಗಳ ಕಿವಿಯಲ್ಲಿ ಏನೋ ಹೇಳುತ್ತಾರೆ, ಆಮೇಲೆ ಜಾಕಿಗಳನ್ನು ಎತ್ತಿ ಕೂರಿಸುತ್ತಾರೆ. ಅಪ್ಪ ಆ ಬೇಲಿಯ ಹತ್ತಿರ ನಿಂತರು. ಕೈ ಬೆನ್ನ ಹಿಂದೆ. ನಾನು ಅವರ ಪಕ್ಕದಲ್ಲಿ, ಪೊಲೀಸಿನವಳಂತೆ. ಅವರ ಮುಖದಲ್ಲಿ ಹಳೆಯ ಹಸಿವು ಕಾಣುತ್ತದೋ ಎಂದು ಹುಡುಕಿದೆ. ಸಂತೋಷ ಕಂಡಿತು. ಸುಮ್ಮನೆ, ಬರೀ ಸಂತೋಷ. ನನಗೆ ನಂಬಿಕೆ ಬರಲಿಲ್ಲ.

ಆದರೆ ಓಟ ಶುರುವಾದ ಮೇಲೆ ಅವರು ಮಾಡಿದ್ದು ವಿಚಿತ್ರವಾಗಿತ್ತು. ಕುದುರೆಗಳು ದೂರದ ತಿರುವು ದಾಟುವವರೆಗೆ ನೋಡಿದರು. ನಮ್ಮೆದುರಿಗೆ ಬಂದು, ಜನ ಎದ್ದು ಕಿರುಚುವ ಹೊತ್ತಿಗೆ ಸರಿಯಾಗಿ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು. ಗೆರೆ ದಾಟಿದ ಮೇಲೆ ತಲೆಯೆತ್ತಿದರು. ಅಯ್ಯೋ, ಒಳ್ಳೆ ಗಳಿಗೆಯೇ ತಪ್ಪಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ನನ್ನ ಗಂಡ ಎಲ್ಲಿಂದಲೋ ಮೂರು ಚೀಟಿ, ಮೂರು ಮೋಟು ಪೆನ್ಸಿಲ್ ತಂದ. ಬೆಟ್ಟಿಂಗ್ ಇಲ್ಲದಿದ್ದರೇನು, ಊಹೆಯ ಸ್ಪರ್ಧೆ ಇದೆಯಂತೆ. ಪ್ರತಿ ಓಟಕ್ಕೂ ಒಬ್ಬರಿಗೆ ಒಂದು ಚೀಟಿ. ತಮ್ಮ ಹೆಸರು, ಗೆಲ್ಲುವ ಕುದುರೆಯ ನಂಬರು ಬರೆದು ಪೆಟ್ಟಿಗೆಗೆ ಹಾಕಬೇಕು. ಸರಿ ಬರೆದವರ ಚೀಟಿಗಳಲ್ಲಿ ಒಂದನ್ನು ಎತ್ತಿ ಬಹುಮಾನ ಕೊಡುತ್ತಾರೆ. ಕೊನೆಯ ದೊಡ್ಡ ರೇಸಿಗೆ ಕಾರು. ನಯಾಪೈಸೆ ಖರ್ಚಿಲ್ಲ.

ಅಪ್ಪನ ಮುಂದೆ ಚೀಟಿ ಹಿಡಿದದ್ದೇ ನಾನು ಹದ್ದಿನಂತೆ ಎರಗಿ ಕಿತ್ತುಕೊಂಡೆ. "ಅಪ್ಪನಿಗೆ ಕೊಡಬೇಡ" ಎಂದೆ. ಅಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಶಾಲೆಯ ಹುಡುಗನಂತೆ ಕೂತರು. ಅವರ ಚೀಟಿ ನನ್ನ ಬ್ಯಾಗು ಸೇರಿತು. ನನ್ನ ಚೀಟಿ ಕೈಯಲ್ಲಿತ್ತು, ಪೆನ್ಸಿಲ್ಲೂ ಕೈಯಲ್ಲಿತ್ತು. ಸುಮ್ಮನೆ ಇರಲಿ ಎಂದು, ವೃತ್ತದಲ್ಲಿ ತಲೆ ಕೊಡವುತ್ತ ನಡೆದಿದ್ದ ಒಂದು ಕೆಂಚು ಕುದುರೆಯ ನಂಬರು ಗೀಚಿ ಪೆಟ್ಟಿಗೆಗೆ ಹಾಕಿ ಬಂದೆ.

ಆ ಕೆಂಚು ಗೆದ್ದುಬಿಟ್ಟಿತು.

ಅದು ಹಿಂದಿನಿಂದ ಬಂತು. ಒಂದೊಂದನ್ನೇ ದಾಟಿಕೊಂಡು ಬಂತು. ನಾನು ಯಾವಾಗ ಎದ್ದೆನೋ ಗೊತ್ತಿಲ್ಲ, ಕುರ್ಚಿಯ ಮೇಲೆ ನಿಂತಿದ್ದೆ. ನನ್ನ ಗಂಟಲಿನಿಂದ ಹೊರಟ ಕೂಗಿಗೆ ಪಕ್ಕದ ಕೇರಳದ ಹೆಂಗಸು ತಿರುಗಿ ನೋಡಿದಳು. ಕಚೇರಿಯಲ್ಲಿ ಹತ್ತು ಜನರ ಮುಂದೆ ಮಾತಾಡಲು ಬೆವರುವವಳು ನಾನು. ಬಹುಮಾನದ ಚೀಟಿ ಎತ್ತಿದಾಗ ನನ್ನ ಹೆಸರು ಬರಲಿಲ್ಲ. ಬರದಿದ್ದರೆ ಹೋಗಲಿ, ನನ್ನ ಕುದುರೆ ಗೆದ್ದಿತ್ತಲ್ಲ! ಅಪ್ಪನ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಈಗ ಸಂತೋಷವಿರಲಿಲ್ಲ. ಬಿಸಿಲಿಗೆ ದಣಿದಿರಬೇಕು ಎಂದುಕೊಂಡು ನೀರಿನ ಬಾಟಲಿ ಕೊಟ್ಟೆ.

ಮುಂದಿನ ಓಟದಲ್ಲಿ ನಾನು ಬರೆದ ಕುದುರೆ ಎರಡನೆಯದಾಯಿತು, ಒಂದು ಮೂಗಿನಷ್ಟರಲ್ಲಿ. ಸ್ವಲ್ಪದರಲ್ಲಿ ತಪ್ಪಿದ್ದು ಗೆದ್ದದ್ದಕ್ಕಿಂತ ಹೆಚ್ಚು ಕೆಣಕಿತು. ಅದರ ಮುಂದಿನದಕ್ಕೆ ವೃತ್ತದ ಹತ್ತಿರ ನಾನೊಬ್ಬಳೇ ಓಡಿದೆ. ಅಪ್ಪನನ್ನು ಕಾಯುವ ವಿಷಯ ಮರೆತೇಹೋಗಿತ್ತು. ಜಾಕಿಗಳ ಟೋಪಿಯ ಬಣ್ಣ, ಕುದುರೆಯ ಕಿವಿ, ಯಾರೋ ಬಿಳಿ ನಿಲುವಂಗಿಯವರು ಯಾರ ಬೆನ್ನು ತಟ್ಟಿದರು, ಎಲ್ಲದಕ್ಕೂ ಅರ್ಥ ಇದೆ ಅನ್ನಿಸತೊಡಗಿತು. ಗಂಡನ ಚೀಟಿಯನ್ನೂ ನಾನೇ ತೆಗೆದುಕೊಂಡು ಬೇರೆ ನಂಬರು ಬರೆದೆ. ಎರಡೂ ಸೋತವು. ಉಗುರು ಕಚ್ಚಿದ್ದಕ್ಕೆ ಬೆರಳು ಉರಿಯುತ್ತಿತ್ತು. ಇಷ್ಟು ವರ್ಷ ತಲೆಯೊಳಗೆ ತಿರುಗುತ್ತಿದ್ದ ಫ್ಯಾನಿಗೆ ಈಗ ಒಂದು ಕೆಲಸ ಸಿಕ್ಕಿದಂತಾಗಿತ್ತು, ಮತ್ತು ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಿತವಾಗುತ್ತಿತ್ತು.

ಸಂಜೆಯ ಪ್ರಾರ್ಥನೆಗೆ ಎಲ್ಲ ನಿಂತಿತು. ಬಾಂಗಿನ ದನಿ ಮೈದಾನದ ಮೇಲೆ ಹರಡಿತು, ಗಂಡಸರು ಸಾಲಾಗಿ ನಿಂತರು, ಹುಲ್ಲಿನ ಮೇಲೆ ಓಡುತ್ತಿದ್ದ ಮಕ್ಕಳನ್ನು ತಾಯಂದಿರು ಸುಮ್ಮನಾಗಿಸಿದರು. ಬಿಸಿಲಿಳಿದು ತಣ್ಣನೆಯ ಗಾಳಿ ಬಂತು. ಇಡೀ ಜಾಗ ಒಮ್ಮೆ ಉಸಿರು ಬಿಟ್ಟಿತು. ನಾನೊಬ್ಬಳು ಬಿಡಲಿಲ್ಲ. ಆ ಬಿಡುವು ಮುಗಿಯುವುದೇ ಇಲ್ಲವೇನೋ ಎಂದು ಕಾಲು ಕುಣಿಸುತ್ತ ಕೂತಿದ್ದೆ.

"ಮಾವ ಸುಸ್ತಾಗಿದ್ದಾರೆ, ಹೋಗುವನಾ?" ಎಂದ ಗಂಡ.

"ಕಾರಿನ ರೇಸು ಈಗ ಬರುತ್ತೆ. ಸುಮ್ಮನಿರು" ಎಂದೆ.

ದೀಪಗಳು ಹತ್ತಿದವು. ಖಡ್ಗವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರವಣಿಗೆಯಲ್ಲಿ ತಂದರು, ಚಿನ್ನದ ಹಿಡಿ ದೀಪಕ್ಕೆ ಮಿಂಚಿತು. ವರ್ಷದ ಅತ್ಯುತ್ತಮ ಕುದುರೆಗಳು ವೃತ್ತಕ್ಕೆ ಇಳಿದವು. ನನಗೆ ಮೂರು ಕುದುರೆಗಳ ಮೇಲೆ ಮನಸ್ಸಾಯಿತು, ಕೈಯಲ್ಲಿ ಎರಡು ಚೀಟಿ. ಮೂರನೆಯದು? ಒಬ್ಬರಿಗೆ ಒಂದೇ. ಚೀಟಿ ಕೊಡುವ ಕೌಂಟರಿನ ಹುಡುಗಿ ನನ್ನನ್ನು ಆಗಲೇ ಗುರುತು ಹಿಡಿದು ನಗುತ್ತಿದ್ದಳು. ನಾನು ಅಪ್ಪನ ಹತ್ತಿರ ಹೋದೆ. ಅವರು ಬೇಲಿಯ ಬಳಿ ನಿಂತಿದ್ದರು. ಅವರ ತೋಳು ಹಿಡಿದು ಕೌಂಟರಿಗೆ ಎಳೆದುಕೊಂಡು ಹೋಗಿ, ಅವರಿಗೆಂದು ಒಂದು ಚೀಟಿ ಪಡೆದು, ಪೆನ್ಸಿಲನ್ನು ಅವರ ಕೈಗೆ ತುರುಕಿದೆ.

"ಬರೀರಿ ಅಪ್ಪ. ನೀವು ಇಷ್ಟು ವರ್ಷ ನೋಡಿದೋರು, ನಿಮಗೆ ಗೊತ್ತಾಗುತ್ತೆ. ಯಾವುದು ಬರುತ್ತೆ ಹೇಳಿ."

ಅಪ್ಪ ಪೆನ್ಸಿಲ್ ನೋಡಿದರು. ನನ್ನನ್ನು ನೋಡಿದರು.

"ದುಡ್ಡು ಕಟ್ಟೋದಲ್ಲವಲ್ಲ. ಬರೀ ನಂಬರ್. ಬೇಗ, ಪೆಟ್ಟಿಗೆ ಮುಚ್ಚುತ್ತಾರೆ."

"ನಡಿಯಮ್ಮ, ಮನೆಗೆ ಹೋಗೋಣ" ಎಂದರು ಅಪ್ಪ.

"ಈಗ? ಈಗಲೇ? ಇದೊಂದೇ ಅಪ್ಪ. ಇದೊಂದು ರೇಸ್ ನೋಡ್ಕೊಂಡು ಹೋಗಿಬಿಡೋಣ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಯಾರದೆಂದು ಇಬ್ಬರಿಗೂ ಗೊತ್ತಾಯಿತು. ಅಪ್ಪ ಪೆನ್ಸಿಲನ್ನು ಕೌಂಟರಿನ ಮೇಲೆ ಇಟ್ಟು ಗೇಟಿನ ಕಡೆ ನಡೆದರು. ಅವರೊಬ್ಬರನ್ನೇ ಆ ಜನಸಂದಣಿಯಲ್ಲಿ ಬಿಡುವಂತಿಲ್ಲ. ಅದೊಂದೇ ಕಾರಣಕ್ಕೆ ಹಿಂದೆ ಹೋದೆ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದಿತ್ತು. ಬರೆದಿದ್ದ ಎರಡು ಚೀಟಿಗಳು ಮುಷ್ಟಿಯಲ್ಲೇ ಉಳಿದಿದ್ದವು. ಗೇಟಿನ ಪಕ್ಕದ ಕಸದ ತೊಟ್ಟಿಗೆ ಅವನ್ನು ಎಸೆದೆ. ಮನೆಗೆ ಹೋಗೋಣ ಬಾ ಎಂದು ಗಂಡನಿಗೆ ಮೆಸೇಜು ಕಳಿಸಿದೆ.

ಪಾರ್ಕಿಂಗಿನಲ್ಲಿ ನಮ್ಮ ಕಾರಿನ ಹತ್ತಿರ ಯಾರೂ ಇರಲಿಲ್ಲ. ಎಲ್ಲರೂ ಒಳಗೆ. ಧ್ವನಿವರ್ಧಕ ಅರಬ್ಬಿಯಲ್ಲಿ ಏನೋ ಹೇಳಿತು, ಆಮೇಲೆ ಜನರ ಗದ್ದಲ ಏರತೊಡಗಿತು. ಓಟ ಶುರುವಾಗಿತ್ತು. ನನ್ನ ಕತ್ತು ತಾನಾಗಿ ಆ ಕಡೆ ತಿರುಗಿತು.

ಅಪ್ಪ ನನ್ನ ಬಲಗೈ ಹಿಡಿದರು. ಏನು ಮಾಡುತ್ತಿದ್ದಾರೆಂದು ತಿಳಿಯುವ ಮೊದಲೇ ಆ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ತೆಳ್ಳಗಿನ ಬಿಳಿ ಕೂದಲು, ಅದರಡಿ ಬೆಚ್ಚಗಿನ ನೆತ್ತಿ. ನಾನು ಅಪ್ಪನ ತಲೆ ಮುಟ್ಟಿದ್ದು ಅದೇ ಮೊದಲು.

"ಆಣೆ ಮಾಡು" ಎಂದರು.

"ಏನಪ್ಪ ಇದು, ಹುಚ್ಚಾ ನಿಮಗೆ? ನಾನೇನು ದುಡ್ಡು ಕಟ್ಟಿದ್ನಾ?"

"ದುಡ್ಡಿನ ಮಾತಲ್ಲ. ಈ ರೇಸಲ್ಲಿ ಯಾವುದು ಗೆದ್ದಿತು ಅಂತ ಯಾರನ್ನೂ ಕೇಳಲ್ಲ, ಎಲ್ಲೂ ನೋಡಲ್ಲ ಅಂತ ಆಣೆ ಮಾಡು."

"ಅಷ್ಟೇನಾ?"

"ಅಷ್ಟೇ. ಅಷ್ಟು ಸಾಕು."

ಗದ್ದಲ ಈಗ ಕಿವಿಗಡಚಿಕ್ಕುವಂತಿತ್ತು. ಕುದುರೆಗಳು ಕೊನೆಯ ತಿರುವಿಗೆ ಬಂದಿರಬೇಕು. "ಕೇಳಲ್ಲ, ನೋಡಲ್ಲ" ಎಂದೆ. ಬಾಯಿ ಹೇಳುತ್ತಿತ್ತು, ಕಿವಿ ಆ ಕಡೆ ನಿಗುರಿ ನಿಂತಿತ್ತು. ಜನರ ಕೂಗು ಒಮ್ಮೆಲೇ ಒಡೆದು ಚದುರಿತು. ಯಾವುದೋ ಒಂದು ಗೆದ್ದಿತು.

"ನಿನ್ನ ಕಿವಿ ಅಲ್ಲೇ ಇದೆ" ಎಂದರು ಅಪ್ಪ. ಬೈಗುಳದ ದನಿಯಲ್ಲ ಅದು. "ನನ್ನದೂ ಹಾಗೇ ಇತ್ತು ಕಣಮ್ಮ. ಅವತ್ತು ನಿಮ್ಮಮ್ಮ ನನ್ನ ಕೈ ತಂದು ನಿನ್ನ ತಲೆ ಮೇಲೆ ಇಟ್ಟಾಗ ಕೊನೇ ರೇಸ್ ಬಾಕಿ ಇತ್ತು. ಆಗಲೇ ಒಂದಿಷ್ಟು ಕಟ್ಟಿದ್ದೆ ಅದಕ್ಕೆ. ಬಾಯಲ್ಲಿ ಕಟ್ಟಲ್ಲ ಅಂದೆ, ಮನಸ್ಸೆಲ್ಲ ಅಲ್ಲೇ ಇತ್ತು. ಮಗಳ ತಲೆ ಮುಟ್ಟಿದ್ದೀನಿ ಅಂತಲೂ ಗೊತ್ತಾಗಲಿಲ್ಲ, ಅಷ್ಟು."

ನಾನು ಕೈ ತೆಗೆಯಲು ಹೋದೆ. ಅವರು ಬಿಡಲಿಲ್ಲ.

"ಆಮೇಲೆ ಯೋಚನೆ ಮಾಡ್ದೆ. ಗೆದ್ದಿದ್ರೆ ಗೆದ್ದೆ ಅಂತ ಹೋಗ್ತೀನಿ. ಸೋತಿದ್ರೆ ಸ್ವಲ್ಪದರಲ್ಲಿ ತಪ್ಪಿತು ಅಂತ ಹೋಗ್ತೀನಿ. ಗೊತ್ತಾದ್ರೆ ತಾನೆ? ಅದಕ್ಕೇ ಕೇಳಲೇ ಇಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ ಕಣಮ್ಮ, ಆ ರೇಸಲ್ಲಿ ಯಾವುದು ಬಂತು ಅಂತ."

ರೇಸಿನ ಫಲಿತಾಂಶ ಬರುತ್ತಿದ್ದ ಪೇಪರಿನ ಆಟದ ಪುಟ. ಬೂಟಿನ ಲೇಸು. ನಾವು ನಗುತ್ತಿದ್ದದ್ದು. ಅವರನ್ನು ಕಾಯಲು ಬಂದೆ ಎಂದುಕೊಂಡಿದ್ದೆನಲ್ಲ! ಈ ಮನುಷ್ಯ ಅಷ್ಟೂ ವರ್ಷ ಒಬ್ಬರೇ ತಮ್ಮನ್ನು ಕಾದುಕೊಂಡಿದ್ದರು, ನಾನು ಮತ್ತು ಅಮ್ಮ ಅವರ ಮುಖ ನೋಡಿ ನೋಡಿ ಅನುಮಾನ ಪಟ್ಟದ್ದಷ್ಟೇ. ಅಳು ಬಂತು. ಅಪ್ಪನ ತಲೆಯ ಮೇಲೆ ಕೈಯಿಟ್ಟುಕೊಂಡೇ ಅತ್ತೆ.

ನನ್ನ ಗಂಡ ಏದುಸಿರು ಬಿಡುತ್ತ ಓಡಿಬಂದ. ರೇಸು ನೋಡಿಕೊಂಡೇ ಬಂದಿದ್ದ. "ಎಂತ ರೇಸ್ ಮಾರಾಯ್ತಿ! ಕೊನೆಗೆ ಆ ಒಂದು..."

"ಹೇಳ್ಬೇಡಿ!" ಎಂದು ಅಪ್ಪ ಕಿರುಚಿದರು. ಯಾರ ಮೇಲೂ ದನಿ ಎತ್ತದವರು. ಅವನು ಬಾಯಿ ತೆರೆದುಕೊಂಡೇ ನಿಂತ.

ಅಲ್ ಹಿಲಾಲ್ ಹತ್ತಿರ ಬಂದಾಗ ಹಿಂದಿನ ಸೀಟಿನಿಂದ ಅಪ್ಪ, "ಆ ವೃತ್ತದಲ್ಲಿ ನೋಡಿದಾಗಲೇ ನನ್ನ ಮನಸ್ಸಲ್ಲೂ ಒಂದು ನಂಬರ್ ಬಂತು. ಬೇಡ ಅಂದ್ರೂ ಬಂತು" ಎಂದರು. ಯಾವುದೆಂದು ನಾನು ಕೇಳಲಿಲ್ಲ.

ಅಪ್ಪ ಮೈಸೂರಿಗೆ ಹೋಗಿ ತಿಂಗಳುಗಳಾದವು. ರೇಸಿನ ರಾತ್ರಿಯೇ ಗಂಡನಿಗೆ ಎಲ್ಲ ಹೇಳಿದೆ. ಅವನು ಒಳ್ಳೆಯವನು, ಒಂದು ದಿನವೂ ಬಾಯಿಬಿಟ್ಟಿಲ್ಲ. ಆದರೆ ಅವನಿಗೆ ಗೊತ್ತಿದೆ. ಆ ಉತ್ತರವೇ ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿರುತ್ತದೆ. ಬೆಳಿಗ್ಗೆ ಎದ್ದು ನನಗೆ ಚಹಾ ಮಾಡಿ ಕೊಡುತ್ತದೆ. ಎಷ್ಟೋ ಸಲ ಅವನನ್ನು ಅಲ್ಲಾಡಿಸಿ ಎಬ್ಬಿಸಿ ಕೇಳಿಬಿಡೋಣ ಅನ್ನಿಸಿದೆ. ನಾನು ಬರೆದ ಎರಡರಲ್ಲಿ ಒಂದು ಬಂತೋ ಇಲ್ಲವೋ, ಹೂಂ ಅಥವಾ ಊಹೂಂ, ಅಷ್ಟೇ.

ಪ್ರತಿ ಶನಿವಾರ ಮಧ್ಯಾಹ್ನ ಅಪ್ಪ ಫೋನು ಮಾಡುತ್ತಾರೆ. ಊಟ ಆಯಿತಾ, ಸೆಖೆ ಹೇಗಿದೆ ಎಂದೆಲ್ಲ ಆದ ಮೇಲೆ ದನಿ ತಗ್ಗಿಸಿ, "ಕೇಳಿಲ್ಲ ತಾನೆ?" ಎನ್ನುತ್ತಾರೆ.

"ಇಲ್ಲಪ್ಪ. ನೀವು?"

"ಇಲ್ಲಮ್ಮ. ಎರಡೂ ಇಲ್ಲ."

ಎರಡು ಎಂದರೆ ಅವರದೊಂದು ಹಳೆಯ ರೇಸು, ನಮ್ಮಿಬ್ಬರದೊಂದು. ಆಮೇಲೆ ಅವರು ಫೋನು ಇಡುತ್ತಾರೆ. ನನ್ನ ಫೋನು ಮಾತ್ರ ಕೈಯಲ್ಲೇ ಇರುತ್ತದೆ. ಅದರಲ್ಲಿ ಎರಡು ಪದ ಒತ್ತಿದರೆ ಮುಗಿಯಿತು. ನಾನು ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ಪಾತ್ರೆ ತೊಳೆಯಲು ನಿಲ್ಲುತ್ತೇನೆ.